ಗೋಡೆ ನೋಡಿ ಹೆಣ್ಣು ಕೊಡುವ ಕುಪ್ಪಮ್ಮ

ತಮಿಳುನಾಡಿನ ಎಡಪ್ಪಾಡಿಯ ನೇಕಾರ ಬೀದಿಯಲ್ಲಿ ಯಾರ ಮನೆಗಾದರೂ ಗಂಡಿನ ಕಡೆಯಿಂದ ಸಂಬಂಧ ಬಂತೆಂದರೆ, ಜಾತಕ ಜೋಯಿಸರ ಕೈಗೆ ಹೋಗುವ ಮೊದಲೇ ಸುದ್ದಿ ಕುಪ್ಪಮ್ಮನ ಕಿವಿಗೆ ಬಿದ್ದಿರುತ್ತಿತ್ತು. ಜೋಯಿಸರು ನೋಡುವುದು ಗ್ರಹ, ಕುಪ್ಪಮ್ಮ ನೋಡುವುದು ಗೋಡೆ. ಗ್ರಹಕ್ಕಾದರೂ ಒಂದು ಶಾಂತಿ ಮಾಡಿಸಿ ಸುಮ್ಮನಾಗಿಸಬಹುದು. ಕುಪ್ಪಮ್ಮನನ್ನು ಸುಮ್ಮನಾಗಿಸುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆಕೆಯ ಶಾಸ್ತ್ರ ಬಹಳ ಸುಲಭದ್ದು. ಹೊಸ ವರ್ಷ ಬಂತೆಂದರೆ ಊರಿನ ಅಂಗಡಿಯವರೆಲ್ಲ ತಮ್ಮ ಹೆಸರು ಅಚ್ಚು ಹಾಕಿಸಿದ ಕ್ಯಾಲೆಂಡರ್ ಹಂಚುತ್ತಾರೆ. ಮೇಲೆ ಮುರುಗನೋ ಲಕ್ಷ್ಮಿಯೋ, ಕೆಳಗೆ ಅಂಗಡಿಯ ಹೆಸರು ಮತ್ತು ಫೋನ್ ನಂಬರು, ನಡುವೆ ದಿನಕ್ಕೊಂದರಂತೆ ಹರಿಯುವ ಹಾಳೆಗಳ ಕಟ್ಟು. ಹಾಗಂತ ಬೀದಿಯಲ್ಲಿ ಹೋಗುವವರಿಗೆಲ್ಲ ಯಾವ ಅಂಗಡಿಯವನೂ ಕೊಡುವುದಿಲ್ಲ. ವರ್ಷವೆಲ್ಲ ತನ್ನ ಬಾಗಿಲು ತುಳಿದವರಿಗೆ ಮಾತ್ರ ಸುರುಳಿ ಸುತ್ತಿ ಕೈಗಿಡುತ್ತಾನೆ.

"ಬಿಟ್ಟಿ ಕೊಡೋನು ಮುಖ ನೋಡೇ ಕೊಡ್ತಾನೆ ಕಣೇ," ಎನ್ನುತ್ತಿದ್ದಳು ಕುಪ್ಪಮ್ಮ, ರಾಟೆ ತಿರುಗಿಸುತ್ತ, ನೂಲನ್ನು ಕಂಡಿಕೆಗೆ ಸುತ್ತುತ್ತ. "ಚಿನ್ನದಂಗಡಿ ಕ್ಯಾಲೆಂಡರ್ ಐತಾ, ಆ ಮನೇಲಿ ಚಿನ್ನ ಕೊಂಡವ್ರೆ. ಅಡವಿನ ಅಂಗಡೀದು ಐತಾ, ಕೊಂಡ ಚಿನ್ನ ಅಲ್ಲಿಗೋಗಿ ಕೂತೈತೆ. ಮೆಡಿಕಲ್ ಶಾಪಿಂದು ತಗಲಾಕವ್ರಾ, ಒಳಗೆ ಯಾರೋ ತಿಂಗಳಾ ತಿಂಗಳಾ ಮಾತ್ರೆ ನುಂಗ್ತಾವ್ರೆ. ಬಾಯಿ ಸುಳ್ಳು ಹೇಳ್ತೈತೆ, ಗೋಡೆ ಹೇಳಲ್ಲ."

ಒಮ್ಮೆ ಪಾಪಿರೆಡ್ಡಿಪಟ್ಟಿ ಕಡೆಯ ಒಂದು ಮನೆಗೆ ಹೋಗಿದ್ದಾಗ, ಒಂದೇ ಗೋಡೆಯಲ್ಲಿ ನಾಲ್ಕು ಬೇರೆ ಬೇರೆ ಅಡವಿನ ಅಂಗಡಿಗಳ ಕ್ಯಾಲೆಂಡರ್ ಕಂಡು, ಕಾಫಿ ಬರುವ ಮೊದಲೇ ಸೆರಗು ಕೊಡವಿಕೊಂಡು ಎದ್ದು ಬಂದವಳು ಆಕೆ. ಇನ್ನೊಮ್ಮೆ ಒಬ್ಬ ಹುಡುಗನ ಮನೆಯಲ್ಲಿ ಆಸ್ಪತ್ರೆಯ ಕ್ಯಾಲೆಂಡರ್ ಕಂಡು ರೋಗಿಷ್ಟರ ಮನೆಯೆಂದು ಸಂಬಂಧ ಮುರಿಸಿದಳು. ಆಮೇಲೆ ಗೊತ್ತಾಯಿತು, ಹುಡುಗ ಆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದನಂತೆ. ಆ ಹೆಣ್ಣಿನ ಅಪ್ಪ ಈಗಲೂ ಕುಪ್ಪಮ್ಮ ಎದುರಾದರೆ ಬೀದಿಯ ಆ ಬದಿಗೆ ಹೋಗುತ್ತಾನೆ. "ಮೋಸ ಓಗೋದಕ್ಕಿಂತ ತಪ್ಪೋದು ವಾಸಿ," ಎಂದು ಕುಪ್ಪಮ್ಮ ಅದನ್ನೂ ಅರಗಿಸಿಕೊಂಡಳು.

ಅನುಮಾನ ಆಕೆಗೆ ಉಸಿರಾಟವಿದ್ದಂತೆ ನೋಡಿ. ಹಾಲಿನವನ ಹಾಲಿಗೆ ಬೆರಳಿಟ್ಟು ನೋಡುವಳು. ಕಂಡಕ್ಟರ್ ಕೊಟ್ಟ ಟಿಕೆಟನ್ನು ಎರಡೂ ಕಡೆ ತಿರುಗಿಸಿ ನೋಡುವಳು. ಮೊಸರಿನಲ್ಲಿ ಕಲ್ಲು ಹುಡುಕುವುದು ಉಳಿದವರಿಗೆ ಗಾದೆ, ಕುಪ್ಪಮ್ಮನಿಗೆ ದಿನದ ಕೆಲಸ.

ಇಂಥವಳಿಗೆ ಕೊನೆಗೆ ತನ್ನ ಮನೆಯ ಗೋಡೆಯೇ ಶತ್ರುವಾಗಿ ನಿಂತಿತು.

ಮಗ ಅಣ್ಣಾಮಲೈಗೆ ಒಬ್ಬಳೇ ಮಗಳು, ಜಯಪ್ರಿಯಾ. ಚಿಕ್ಕವಳಿದ್ದಾಗ ಒಂದು ದಿನ ಶಾಲೆಯ ಪ್ರಾರ್ಥನೆಯಲ್ಲಿ ನಿಂತಲ್ಲೇ ಬಿದ್ದು ಕೈಕಾಲು ಅದುರಿಸಿದ್ದಳು. ಫಿಟ್ಸ್ ಎಂದರು ಡಾಕ್ಟರು. ಅಂದಿನಿಂದ ಸೇಲಂನ ಒಂದು ಟ್ರಸ್ಟಿನವರು ತಿಂಗಳಿಗೊಮ್ಮೆ ಮಾತ್ರೆ ಪುಕ್ಕಟೆ ಕೊಡುತ್ತ ಬಂದಿದ್ದಾರೆ. ಮಾತ್ರೆ ತಪ್ಪಿಸದೆ ನುಂಗಿ ನುಂಗಿ ಹುಡುಗಿ ಗುಣವಾದಳು, ಬಿ.ಕಾಂ. ಮುಗಿಸಿದಳು. ಈಗ ಸೀರೆಯ ಹೋಲ್‌ಸೇಲ್ ಅಂಗಡಿಯಲ್ಲಿ ಕೂತು ಊರೂರಿನ ಗಿರಾಕಿಗಳಿಗೆ ಫೋನಿನಲ್ಲಿ ಸೀರೆಯ ಫೋಟೋ ಕಳಿಸುತ್ತಾಳೆ. ಬಿದ್ದದ್ದು ಬೀದಿಯವರಿಗೇ ಮರೆತುಹೋಗಿದೆ.

ಆದರೆ ಆ ಟ್ರಸ್ಟಿನವರು ಮಾತ್ರೆಯ ಜೊತೆಗೆ ವರ್ಷಕ್ಕೊಂದು ಕ್ಯಾಲೆಂಡರನ್ನೂ ಕೊಡುತ್ತಾರಲ್ಲ! ಹೆಬ್ಬೆರಳಗಲದ ಕೆಂಪು ತಮಿಳು ಅಕ್ಷರದಲ್ಲಿ 'ಫಿಟ್ಸ್ ರೋಗಕ್ಕೆ ಉಚಿತ ಚಿಕಿತ್ಸೆ' ಎಂದು ತಲೆಬರಹ. ಅದರಡಿ ಕೈಮುಗಿದು ನಿಂತ ಟ್ರಸ್ಟಿನ ಹಿರಿಯರ ಫೋಟೋ. ತಳದಲ್ಲಿ ದಾನ ಕೊಟ್ಟ ಅಕ್ಕಿ ಗಿರಣಿ, ಜವಳಿ ಅಂಗಡಿಗಳ ಹೆಸರು. ಪ್ರತಿ ತಾರೀಖಿಗೆ ಒಂದು ಚೌಕ. ಮಾತ್ರೆ ನುಂಗಿದ ಮೇಲೆ ಆ ಚೌಕದಲ್ಲಿ ಪೆನ್ನಿನಿಂದ ಒಂದು ಗೀಟು ಹಾಕಬೇಕು. ನೀರಿನ ಕೊಡದ ಮೇಲಿನ ಮೊಳೆಗೆ ತಗಲುಹಾಕಿದ ಅದು ಬಾಗಿಲಲ್ಲಿ ನಿಂತವರಿಗೂ ಕಾಣುತ್ತಿತ್ತು.

"ಧರ್ಮ ಮಾಡೋರು ಮಾತ್ರೆ ಕೊಟ್ಟು ಸುಮ್ಕಿರಬಾರ್ದಾ? ಇಷ್ಟಗಲ ಅಕ್ಷರದಾಗೆ ಡಂಗುರ ಯಾಕೆ ಒಡೀಬೇಕು?" ಎಂದು ಕುಪ್ಪಮ್ಮ ವರ್ಷವರ್ಷವೂ ಗೊಣಗುವಳು.

"ನಾಕು ಜನ ನೋಡ್ಲಿ ಅಂತ ಅಜ್ಜಿ. ನಮ್ಗೂ ಯಾರದೋ ಮನೆ ಗೋಡೇಲಿ ನೋಡೇ ತಾನೆ ಆ ಟ್ರಸ್ಟ್ ಗೊತ್ತಾಗಿದ್ದು?" ಎನ್ನುವಳು ಮೊಮ್ಮಗಳು.

ಮದುವೆಯ ಮಾತು ಎತ್ತಬಾರದ ಆಡಿ ತಿಂಗಳು ಕಳೆದು ಆವಣಿ ಹುಟ್ಟಿದ ಕೂಡಲೇ ಓಮಲೂರಿನಿಂದ ಸಂಬಂಧ ಬಂತು. ನಮ್ಮವರೇ, ಕನ್ನಡ ಮಾತಿನವರೇ. ಹುಡುಗ ಗೋಪಿನಾಥ್. ಬಸ್ ಸ್ಟ್ಯಾಂಡಿನ ಹತ್ತಿರ ಚಿಕ್ಕದೊಂದು ಅಚ್ಚಿನ ಪ್ರೆಸ್ ಇಟ್ಟುಕೊಂಡಿದ್ದಾನೆ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ವರ್ಷದ ಕೊನೆಯಲ್ಲಿ ಅಂಗಡಿಯವರಿಗೆಲ್ಲ ಕ್ಯಾಲೆಂಡರ್. ಇದನ್ನು ಕೇಳಿದ ಕುಪ್ಪಮ್ಮನ ರಾಟೆ ಗಕ್ಕನೆ ನಿಂತಿತು.

"ಕ್ಯಾಲೆಂಡರ್ ಮಾಡೋನಾ? ಅವನ ಮನೆ ಗೋಡೆ ಎಂಗೆ ನಂಬೋದು? ಯಾವ್ದು ಬೇಕೋ ಅದನ್ನ ತಗಲಾಕ್ಕೊಂಡು ಕೂತಿರ್ತಾನೆ!"

ಆದರೂ ಮೊಮ್ಮಗಳನ್ನೂ ಜೊತೆಗೆ ಕರೆದುಕೊಂಡು ಹೋದರು. ಓಮಲೂರಿನ ಆ ಮನೆ ಚೊಕ್ಕವಾಗಿತ್ತು. ಹುಡುಗನ ತಾಯಿ ಪಾಪಾತಿ ಚುರುಕಿನ ಹೆಂಗಸು. ತಂದೆ ವೆಂಕಟಾಚಲಂ ಮೂಲೆಯಲ್ಲಿ ಕುಳಿತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಇದನ್ನು ಕುಪ್ಪಮ್ಮ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಗೋಡೆಯ ಮೇಲೆ ಇದ್ದದ್ದು ಒಂದೇ ಕ್ಯಾಲೆಂಡರ್, ಗೋಪಿನಾಥನ ಪ್ರೆಸ್ಸಿನದೇ. ಅದರ ಪಕ್ಕದಲ್ಲಿ ಒಂದು ಖಾಲಿ ಮೊಳೆ. ಮೊಳೆಯ ಕೆಳಗೆ ಗೋಡೆಯ ಸುಣ್ಣ ಒಂದು ಚೌಕದಷ್ಟು ಮಾತ್ರ ಹೊಸದರಂತೆ ಬೆಳ್ಳಗಿತ್ತು.

"ಇಲ್ಲೇನಿತ್ತಮ್ಮ?" ಎಂದಳು ಕುಪ್ಪಮ್ಮ, ಬಹಳ ನಯವಾಗಿ.

ಪಾಪಾತಿಯ ಕೈಯ ಬಳೆ ಒಂದು ಸಲ ಸದ್ದು ಮಾಡಿತು. "ಸಾಮಿ ಪಟ ಅತ್ತೆ. ದಾರ ಸಡಿಲ ಆಗಿತ್ತು, ಇಳಿಸಿದ್ದೀವಿ."

ಹೆಣ್ಣಿನ ಕಡೆಯವರು ಬರುವ ಶುಭದಿನದಲ್ಲಿ ಸ್ವಾಮಿಯ ಪಟವನ್ನು ಯಾರಾದರೂ ಇಳಿಸುತ್ತಾರೆಯೇ? ಬೇರೆಯವರ ಮನೆಯ ಹೆಣ್ಣಾಗಿದ್ದರೆ ಕುಪ್ಪಮ್ಮ ಅಲ್ಲೇ ನಿಂತು ಆ ಮೊಳೆಯನ್ನೇ ಕಿತ್ತು ಕೇಳುತ್ತಿದ್ದಳು. ಈಗ ಕಳ್ಳನಿಗೆ ಚೇಳು ಕಡಿದ ಹಾಗಾಯಿತು. ಅವರ ಗೋಡೆಯನ್ನು ಕೆದಕಿದರೆ ಅವರು ತನ್ನ ಗೋಡೆಯನ್ನು ಕೆದಕುತ್ತಾರೆ. ಕೊಟ್ಟ ಕಾಫಿಯನ್ನು ಕಹಿ ಔಷಧಿಯಂತೆ ಕುಡಿದು ಎದ್ದಳು.

ಹುಡುಗ ಮಾತ್ರ ಜಯಪ್ರಿಯಾಗೆ ಹಿಡಿಸಿದ್ದ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬಸ್ಸಿನಲ್ಲಿ ಮರಳುವಾಗ ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಿದ್ದಳು. ಅದನ್ನು ಕುಪ್ಪಮ್ಮ ಕಂಡಳು. ಈ ಸಂಬಂಧ ತಪ್ಪಬಾರದು. ಇವಳು ಇನ್ನೊಂದು ಸಲ ಇಷ್ಟು ನಗುತ್ತಾಳೋ ಇಲ್ಲವೋ!

"ಅವ್ರು ಬರೋ ಮುಂಚೇನೇ ಫಿಟ್ಸ್ ವಿಷಯ ಹೇಳಿಬಿಡೋಣ್ವಾ?" ಎಂದ ಅಣ್ಣಾಮಲೈ, ಮನೆಗೆ ಬಂದ ಮೇಲೆ.

"ನಾನೇ ಹೇಳ್ತೀನಿ ಅಪ್ಪಾ," ಎಂದಳು ಹುಡುಗಿ.

"ಹೇಳ್ತೀಯಾ? ಹೇಳು ಹೇಳು, ತಾಳಿ ಬಿದ್ಮೇಲೆ ಹೇಳು!" ಕುಪ್ಪಮ್ಮ ರೇಗಿದಳು. "ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಾನು ಹೇಳೋದು ಒಂದೇ ಒಂದು, ಅದೂ ಬಾಯಲ್ಲಿ ಅಲ್ಲ."

ಅವರು ಬರುವುದಕ್ಕೆ ಎರಡು ಮೂರು ದಿನ ಇರುವಾಗಲೇ ಟ್ರಸ್ಟಿನ ಕ್ಯಾಲೆಂಡರ್ ಮೊಳೆಯಿಂದ ಇಳಿಯಿತು. ಕುಪ್ಪಮ್ಮ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ನೇಯುವವರು ಕಾಲು ಇಳಿಬಿಡುವ ಮಗ್ಗದ ಗುಂಡಿಯೊಳಗೆ ತುರುಕಿದಳು. ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ, ಆ ಗೀಟುಗಳನ್ನು ಹುಡುಗಿ ದಿನಾ ಹಾಕಿದ್ದಲ್ಲವೇ? ಎದುರುಮನೆಯ ಚಂದ್ರಿಕಾಳ ಹತ್ತಿರ ದೊಡ್ಡ ಚಿನ್ನದಂಗಡಿಯ ಕ್ಯಾಲೆಂಡರನ್ನು ಸಾಲ ತಂದಳು. ಅದರಲ್ಲಿ ಇನ್ನೂ ನಾಲ್ಕು ತಿಂಗಳ ಹಿಂದಿನ ಚಿತ್ತಿರೈಯೇ ನಡೆಯುತ್ತಿತ್ತು. ಚಂದ್ರಿಕಾಳ ಮನೆಯಲ್ಲಿ ಹಾಳೆ ಹರಿಯುವ ವ್ಯವಧಾನ ಯಾರಿಗಿದೆ? ಕುಪ್ಪಮ್ಮ ಕೂತು ತಿಂಗಳುಗಟ್ಟಲೆ ಹಾಳೆಗಳನ್ನು ಪರಪರ ಹರಿದು ಕ್ಯಾಲೆಂಡರನ್ನು ಇವತ್ತಿಗೆ ತಂದಳು. ಆದರೆ ಅದು ಚಿಕ್ಕದು. ಟ್ರಸ್ಟಿನ ಕ್ಯಾಲೆಂಡರ್ ಬಿಟ್ಟುಹೋದ ಬಿಳಿ ಚೌಕವನ್ನು ಪೂರ್ತಿ ಮುಚ್ಚಲಿಲ್ಲ, ಸುತ್ತಲೂ ನಾಲ್ಕು ಬೆರಳಷ್ಟು ಬಿಳುಪು ಉಳಿಯಿತು.

"ಅಜ್ಜಿ, ನನ್ ಕ್ಯಾಲೆಂಡರ್ ಎಲ್ಲಿ?"

"ಎಲ್ಲೋ ಐತೆ. ಮಾತ್ರೆ ನುಂಗು, ಗೀಟು ಆಮೇಲೆ."

"ನುಂಗಿದ್ನೋ ಇಲ್ವೋ ಅಂತ ಮಧ್ಯಾನ ಅನುಮಾನ ಬಂದ್ರೆ?"

"ಈ ಮನೇಲಿ ಅನುಮಾನ ಪಡೋಕೆ ನಾನೊಬ್ಬಳು ಸಾಲ್ದಾ? ಓಗಿ ಕೆಲ್ಸ ನೋಡು."

ಹೇಳಿದ ದಿನ ಪಾಪಾತಿ, ವೆಂಕಟಾಚಲಂ, ಗೋಪಿನಾಥ್ ಮೂವರೂ ಬಂದರು. ಚಾಪೆಯ ಮೇಲೆ ಕುಳಿತ ಪಾಪಾತಿಯ ಕಣ್ಣು ಹೋದದ್ದು ಹುಡುಗಿಯ ಮುಖಕ್ಕಲ್ಲ, ಗೋಡೆಗೆ. ಆ ನೋಟ ಕುಪ್ಪಮ್ಮನಿಗೆ ಗೊತ್ತಿತ್ತು, ಅದು ತನ್ನದೇ ನೋಟ.

"ಈ ಚಿನ್ನದಂಗಡೀಲಿ ಏನ್ ತಗೊಂಡ್ರಿ ಅತ್ತೆ?"

"ಓಲೆ," ಎಂದಳು ಕುಪ್ಪಮ್ಮ. ಜಯಪ್ರಿಯಾಳ ಕಿವಿಯಲ್ಲಿದ್ದದ್ದು ತೀರಿಹೋದ ತಾಯಿಯ ಸವೆದ ಹಳೇ ಓಲೆ.

ಪಾಪಾತಿ ಓಲೆಯನ್ನು ನೋಡಿದಳು, ಮತ್ತೆ ಗೋಡೆಯನ್ನು ನೋಡಿದಳು. "ಸುತ್ತ ಬೆಳ್ಳಗೈತಲ್ಲ, ಮೊದ್ಲು ದೊಡ್ಡದೇನೋ ಇತ್ತೇನೋ?"

"ಸಾಮಿ ಪಟ."

"ಸಾಮಿ ಪಟಾನ ಇಂಥಾ ದಿನ ಯಾರಾದ್ರೂ ಇಳಿಸ್ತಾರಾ ಅತ್ತೆ?"

'ನೀನು ಇಳಿಸಲಿಲ್ವೇನೇ?' ಎಂಬ ಮಾತು ಕುಪ್ಪಮ್ಮನ ನಾಲಿಗೆಯ ತುದಿಗೆ ಬಂದು ಕೂತಿತು. ನುಂಗಿಕೊಂಡಳು. ಪಾಪಾತಿ ಬಾಯಿಗೆ ಹಿಡಿದಿದ್ದ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟಳು. ಇದರ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಆಯಿತು. ಇಂಥದೇ ಲೋಟವನ್ನು ಹೀಗೆಯೇ ಕುಪ್ಪಮ್ಮ ಎಷ್ಟು ಮನೆಗಳಲ್ಲಿ ಕೆಳಗಿಟ್ಟು ಬಂದಿದ್ದಳೋ.

ಆಗ ಜಯಪ್ರಿಯಾ ಎದ್ದಳು. ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮಗ್ಗದ ಗುಂಡಿಗೆ ಇಳಿದು, ಹಳೆಯ ಸೀರೆಯ ಗಂಟನ್ನು ಎತ್ತಿ ತಂದಳು. ಚಿನ್ನದಂಗಡಿಯ ಕ್ಯಾಲೆಂಡರನ್ನು ತೆಗೆದು ತನ್ನದನ್ನು ಮೊಳೆಗೆ ಹಾಕಿದಳು. ಬಿಳಿ ಚೌಕಕ್ಕೆ ಅದು ಸರಿಯಾಗಿ ಕೂತಿತು.

"ನಂಗೆ ಫಿಟ್ಸ್ ಇತ್ತು," ಎಂದಳು. "ಕಾಲೇಜ್ ಸೇರೋಕೆ ಮುಂಚೇನೇ ನಿಂತೋಯ್ತು. ಡಾಕ್ಟ್ರು ಮದ್ವೆ ಆಗ್ಬೋದು ಅಂದವ್ರೆ. ಆದ್ರೆ ಮಾತ್ರೆ ಬಿಡೋ ಅಂಗಿಲ್ಲ. ಇದನ್ನ ನೋಡಿ ಬೇಡ ಅನ್ನಿ, ಪರವಾಗಿಲ್ಲ. ನೋಡ್ದೇನೇ ಹೂಂ ಅನ್ಬೇಡಿ."

ಕುಪ್ಪಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಾಪಾತಿ ಎದ್ದು ಹೋಗಿ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಜನವರಿಯ ತೈ ತಿಂಗಳಿನಿಂದ ಹಿಡಿದು ಒಂದು ಚೌಕವೂ ಖಾಲಿ ಇರಲಿಲ್ಲ, ಕೊನೆಯ ಕೆಲವನ್ನು ಬಿಟ್ಟು.

"ಈ ಕಡೇ ದಿನಗಳು ಯಾಕೆ ಖಾಲಿ?"

"ಮಾತ್ರೆ ನುಂಗಿದೀನಿ. ಕ್ಯಾಲೆಂಡರ್ ಸಿಗ್ಲಿಲ್ಲ. ಆವತ್ತಿನ ಗೀಟು ಆವತ್ತೇ ಆಕೋದು, ಆಮೇಲೆ ಸೇರ್ಸಿ ಆಕಲ್ಲ."

ಪಾಪಾತಿ ಕುಪ್ಪಮ್ಮನನ್ನು ಒಮ್ಮೆ ನೋಡಿದಳು. ಕುಪ್ಪಮ್ಮ ನೆಲ ನೋಡಿದಳು. ಅಲ್ಲಿಯವರೆಗೆ ತುಟಿ ಬಿಚ್ಚದ ವೆಂಕಟಾಚಲಂ ಗೋಡೆಯ ಹತ್ತಿರ ಬಂದು, ಒಂದು ಗೀಟಿನ ಮೇಲೆ ಬೆರಳಿಟ್ಟು, "ದಿನಾ ನೀನೇ ಆಕ್ತೀಯಾ ತಾಯಿ?" ಎಂದು ಕೇಳಿದ. "ಹೂಂ ಮಾವ," ಎಂದಳು ಹುಡುಗಿ. ಆತ ಏನೋ ಹೇಳಲು ಹೊರಟು, ಹೆಂಡತಿಯ ಮುಖ ನೋಡಿ ಸುಮ್ಮನಾದ.

"ಊರಿಗೋಗಿ ಹೇಳಿ ಕಳಿಸ್ತೀವಿ," ಎಂದಳು ಪಾಪಾತಿ. ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಅಂದವರು ಯಾವ ಕಾಲದಲ್ಲಿ ಹೇಳಿ ಕಳಿಸಿದ್ದಾರೆ?

ಅವರು ಬೀದಿಯ ತಿರುವು ದಾಟಿದ್ದೇ ತಡ, ಕುಪ್ಪಮ್ಮ ಮೊಮ್ಮಗಳ ಮೇಲೆ ಹರಿಹಾಯ್ದಳು. "ಕೈಗೆ ಬಂದ ತುತ್ತನ್ನ ನೀನೇ ನೆಲಕ್ಕೆ ಚೆಲ್ಲಿದೆಯಲ್ಲೇ! ಯಾರು ಕೇಳಿದ್ರು ನಿನ್ನ?" ಹುಡುಗಿ ಮಾತ್ರೆ ನುಂಗಿ, ಪೆನ್ನು ತಂದು ಆ ದಿನದ ಚೌಕದಲ್ಲಿ ಗೀಟು ಹಾಕಿ, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಕುಪ್ಪಮ್ಮ ರಾಟೆಯ ಮುಂದೆ ಕುಳಿತು, ನೂಲು ಸುತ್ತುವ ನೆಪದಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲಿನ ದಿನಗಳಲ್ಲಿ ಆಕೆಗೆ ಬೀದಿಯೇ ಅನುಮಾನದ ಸಂತೆಯಾಯಿತು. ನಲ್ಲಿಯ ಹತ್ತಿರ ಇಬ್ಬರು ನಕ್ಕರೆ ತಮ್ಮ ಮನೆಯ ವಿಷಯವೇ. ಚಂದ್ರಿಕಾ ತನ್ನ ಕ್ಯಾಲೆಂಡರನ್ನು ವಾಪಸು ತೆಗೆದುಕೊಂಡು ಹೋಗುವಾಗ ಏನನ್ನೂ ಕೇಳಲಿಲ್ಲ. ಚಂದ್ರಿಕಾಳಂಥವಳು ಏನೂ ಕೇಳಲಿಲ್ಲವೆಂದರೆ ಅವಳಿಗೆ ಎಲ್ಲ ಗೊತ್ತಾಗಿದೆ ಎಂದೇ ಅರ್ಥವಲ್ಲವೇ?

ಒಂದು ಬೆಳಿಗ್ಗೆ ಗೋಪಿನಾಥ್ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. ಕಂಕುಳಲ್ಲಿ ಕಾಗದದ ಸುರುಳಿ. ಕುಪ್ಪಮ್ಮ ಅವನನ್ನು ಮೇಲಿನಿಂದ ಕೆಳಗೆ ಅಳೆದಳು. 'ಇಲ್ಲ' ಅನ್ನುವುದನ್ನು ನಯವಾಗಿ ಹೇಳಲು ಬಂದಿದ್ದಾನೆ, ಬರಿಗೈಯಲ್ಲಿ ಬರಬಾರದೆಂದು ತನ್ನ ಪ್ರೆಸ್ಸಿನ ಒಂದು ಕ್ಯಾಲೆಂಡರ್ ತಂದಿದ್ದಾನೆ, ಅಂದುಕೊಂಡಳು. ಕೂತ್ಕೋ ಅನ್ನಲಿಲ್ಲ. ಜಯಪ್ರಿಯಾಳೇ ಚಾಪೆ ಹಾಸಿ ಕಾಫಿ ತಂದಿಟ್ಟಳು.

"ಅಜ್ಜಿ, ನಮ್ಮನೇಲಿ ಖಾಲಿ ಮೊಳೆ ನೋಡಿದ್ರಲ್ಲ," ಎಂದ ಹುಡುಗ. "ಅಲ್ಲಿದ್ದಿದ್ದು ಸಾಮಿ ಪಟ ಅಲ್ಲ."

"ಗೊತ್ತು," ಎಂದಳು ಕುಪ್ಪಮ್ಮ.

ಅವನು ಸುರುಳಿ ಬಿಚ್ಚಿದ. ಧರ್ಮಪುರಿ ಕಡೆಯ ಒಂದು ಕುಡಿತ ಬಿಡಿಸುವ ಕೇಂದ್ರದ ಕ್ಯಾಲೆಂಡರ್. ಅದಕ್ಕೂ ಹೆಬ್ಬೆರಳಗಲದ ತಲೆಬರಹ, ಅದರಲ್ಲೂ ದಿನಕ್ಕೊಂದು ಚೌಕ. ಚೌಕಗಳಲ್ಲಿ ಗೀಟು. ಅಲ್ಲಲ್ಲಿ ಖಾಲಿ.

"ಅಪ್ಪಂದು," ಎಂದ. "ಇದನ್ನ ಅಚ್ಚು ಮಾಡೋ ಆರ್ಡರ್ ನನ್ ಪ್ರೆಸ್ಸಿಗೇ ಬಂದಿತ್ತು. ಫೋನ್ ನಂಬರ್ ಸರಿ ಐತಾ ಅಂತ ನೋಡೋಕೆ ಒಂದು ಸಲ ಅದಕ್ಕೆ ಫೋನ್ ಮಾಡ್ದೆ. ಎತ್ತಿದವ್ರು ಯಾರೋ ಅಮ್ಮ, 'ಸೊಲ್ಲು ತಂಬಿ, ಹೇಳಪ್ಪಾ, ಮನೇಲಿ ಯಾರು ಕುಡೀತಾರೆ?' ಅಂದ್ರು. ನಂಬರ್ ನೋಡೋಕೆ ಮಾಡ್ದೆ ಅಂತ ಹೇಳ್ಬೇಕು ಅಂದ್ಕೊಂಡೆ. ಬಾಯಲ್ಲಿ ಬಂದಿದ್ದು 'ಅಪ್ಪ' ಅಂತ."

ಕುಪ್ಪಮ್ಮ ಕ್ಯಾಲೆಂಡರನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಕುಡುಕರ ಮನೆಗೆ ಹೆಣ್ಣು ಕೊಡಬೇಡಿ ಎಂದು ಊರಿಗೆಲ್ಲ ಹೇಳಿದವಳು ಆಕೆ.

"ಈ ಖಾಲಿ ಏನು?"

"ಆವತ್ತು ಕುಡಿದಿದ್ರು."

"ಇದು?"

"ಅದೂ ಅಷ್ಟೇ. ನಮ್ಮತ್ತೆ ಮಗನ ಮದ್ವೆ."

"ಮಾರನೇ ದಿನ ಗೀಟು ಆಕಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಇಲ್ಲ. ಆಕ್ಲಿಲ್ಲ." ಗೋಪಿನಾಥ್ ತಲೆ ತಗ್ಗಿಸಿದ. "ಪಂಗುನಿಯಿಂದ ಈಚೆಗೆ, ಐದು ತಿಂಗಳಿಂದ, ಖಾಲಿ ಇಲ್ಲ, ನೋಡಿ ಬೇಕಾದ್ರೆ."

ಕುಪ್ಪಮ್ಮ ನೋಡಿಯೇ ನೋಡಿದಳು. ಉಗುರಿನಿಂದ ಕೆರೆದಳು, ಹೊಸ ಮಸಿಯೇ ಎಂದು ಮೂಸಿದಳು. ಒಂದೊಂದು ಗೀಟೂ ಒಂದೊಂದು ಬಣ್ಣ. ಕೆಲವು ನೀಲಿ, ಕೆಲವು ಕಪ್ಪು, ಕೆಲವು ಪೆನ್ಸಿಲಿನದು, ಆ ದಿನ ಕೈಗೆ ಸಿಕ್ಕಿದ್ದರಲ್ಲಿ ಎಳೆದದ್ದು. ಒಂದೇ ಸಲಕ್ಕೆ ಕೂತು ಸುಳ್ಳು ಗೀಟು ಹಾಕುವವನು ಒಂದೇ ಪೆನ್ನಿನಿಂದ ಹಾಕುತ್ತಾನೆ. ಆಕೆಯ ಆಯುಷ್ಯದ ಅನುಮಾನಕ್ಕೆ ಎಲ್ಲಿಯೂ ಕಾಲೂರಲು ಜಾಗ ಸಿಗಲಿಲ್ಲ.

"ನಿಮ್ಮಮ್ಮಂಗೆ ಗೊತ್ತಾ ನೀನು ಇದನ್ನ ತಂದಿದ್ದು?"

"ಇಲ್ಲ. ಅಪ್ಪನೇ ಕೊಟ್ಟು ಕಳಿಸಿದ್ರು. ಇಲ್ಲಿಂದ ಬಂದ ದಿನ ಅವ್ರು ಊಟ ಮಾಡ್ಲಿಲ್ಲ. 'ಆ ಮಗು ಎಲ್ರ ಮುಂದೆ ತಂದು ತಗಲಾಕ್ತು, ನಾವು ಅಟ್ಟದ ಮೇಲೆ ಮುಚ್ಚಿಟ್ವಲ್ಲ' ಅಂತ ದಿನಾ ಅದೇ ಮಾತು. ನೀವು ನೋಡಿ ಬೇಡ ಅಂದ್ರೂ ಪರವಾಗಿಲ್ಲ ಅಂದ್ರು." ಒಮ್ಮೆ ಜಯಪ್ರಿಯಾಳ ಕಡೆ ನೋಡಿ, ಮತ್ತೆ ಸಂಕೋಚದಿಂದ ಹೇಳಿದ. "ಆದ್ರೆ ಅಜ್ಜಿ, ಸಾಯಂಕಾಲದೊಳಗೆ ಇದನ್ನ ನಾನು ವಾಪಸ್ ತಗೊಂಡೋಗ್ಬೇಕು. ದೀಪ ಹಚ್ಚೋ ಹೊತ್ತಿಗೆ ಅಪ್ಪ ಗೀಟು ಆಕೋಕೆ ಬಂದು ನಿಲ್ತಾರೆ. ನೀವು ಬಂದ ದಿನ ಅಮ್ಮ ಇದನ್ನ ಇಳ್ಸಿದ್ರಲ್ಲ, ಆವತ್ತು ಸಂಜೆ ಬಂದು ಖಾಲಿ ಗೋಡೆ ನೋಡಿ, ಚಪ್ಪಲಿ ಮೆಟ್ಕೊಂಡು..."



"ಕುಡಿದ್ರಾ?" ಎಂದಳು ಜಯಪ್ರಿಯಾ ಮೆಲ್ಲಗೆ.

"ಅಂಗಡಿ ಬಾಗಿಲ ತಂಕ ಓಗಿದ್ರು. ನಾನು ಹಿಂದೇನೇ ಓಗಿ ಕರ್ಕೊಂಡ್ ಬಂದೆ."

ಕುಪ್ಪಮ್ಮ ತನ್ನ ಕೈಯಲ್ಲಿದ್ದ ಕ್ಯಾಲೆಂಡರನ್ನು ನೋಡಿದಳು. ಅವರು ಅದನ್ನು ಇಳಿಸಿದ್ದು ಯಾರ ಕಣ್ಣಿಗೆ ಹೆದರಿ? ತನ್ನ ಕಣ್ಣಿಗೆ. ಗೋಡೆ ಓದುವ ಮುದುಕಿ ಬರುತ್ತಾಳೆ ಎಂದು. ಇನ್ನು ತಾನು ಮಗ್ಗದ ಗುಂಡಿಗೆ ತುರುಕಿದ್ದು? ನುಂಗಿದೆನೋ ಇಲ್ಲವೋ ಅಂತ ಹುಡುಗಿ ಕೇಳಿದಾಗ ಕೆಲಸ ನೋಡು ಹೋಗು ಅಂದಿದ್ದೆನಲ್ಲ. ಒಂದು ದಿನ ಮರೆತಿದ್ದರೆ? ದೇವರೇ, ಒಂದು ದಿನ ಮರೆತಿದ್ದರೆ!

ಆಕೆ ಕ್ಯಾಲೆಂಡರನ್ನು ಸರಸರನೆ ಸುತ್ತಿದಳು. ಕಂಡಿಕೆಯ ನೂಲನ್ನೇ ಹಲ್ಲಿನಿಂದ ಕಡಿದು ಸುರುಳಿಗೆ ಬಿಗಿದು, ಹುಡುಗನ ಕೈಗೆ ತುರುಕಿದಳು. ಅವನ ಕಾಫಿ ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ತಾನೇ ಎತ್ತಿ ಬದಿಗಿಟ್ಟಳು.

"ಏಳಪ್ಪಾ, ಏಳು. ಓಮಲೂರ್ ಬಸ್ಸು ಈಗ ಬರೋ ಹೊತ್ತು."

"ಅಜ್ಜಿ, ಸಾಯಂಕಾಲದ ತಂಕ ಟೈಮ್ ಐತೆ..."

"ಟೈಮ್ ಇಲ್ಲ! ಬಸ್ಸು ಕೆಟ್ರೆ? ದಾರೀಲಿ ಮಳೆ ಬಂದ್ರೆ? ಯಾರನ್ನ ನಂಬೋಕಾಗುತ್ತೆ ಈ ಕಾಲದಲ್ಲಿ? ಓಗಿ ಮೊದ್ಲು ಅದನ್ನ ಅದರ ಮೊಳೆಗೆ ಆಕು. ಇನ್ಮೇಲೆ ದೇವೇಂದ್ರ ಬಂದ್ರೂ ಇಳಿಸಬೇಡಿ ಅಂತ ನಿಮ್ಮಮ್ಮಂಗೆ ಹೇಳು. ಪತ್ರಿಕೆ ಅಚ್ಚು ಹಾಕೋ ಮಾತು ಆಮೇಲೆ ಆಡೋಣ."

ಗೋಪಿನಾಥ್ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದ. ಕುಪ್ಪಮ್ಮ ಬಾಗಿಲಲ್ಲಿ ನಿಂತು, ಅವನು ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ನೇರ ಬಸ್ ಸ್ಟ್ಯಾಂಡಿಗೇ ಹೋಗುತ್ತಾನೆಯೇ ಎಂದು ತಿರುವಿನವರೆಗೂ ಕಣ್ಣಿಟ್ಟು ನೋಡಿದಳು. ಒಳಗೆ ತಿರುಗಿದಾಗ ಮೊಮ್ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದು, ಬಸ್ಸಿನಲ್ಲಿ ನಕ್ಕಿದ್ದ ಆ ನಗುವನ್ನೇ ನಗುತ್ತಿದ್ದಳು.

"ಏನೇ ನಗು?"

"ಪತ್ರಿಕೆ ಅಂದ್ಯಲ್ಲ ಅಜ್ಜಿ."

"ಅಂದೆನಾ?" ಕುಪ್ಪಮ್ಮ ಒಂದು ಗಳಿಗೆ ತನ್ನ ಬಾಯನ್ನೇ ಅನುಮಾನಿಸಿದಳು. ಆಮೇಲೆ ನೀರಿನ ಕೊಡದ ಮೇಲಿನ ಗೋಡೆಯ ಕಡೆ ಕಣ್ಣು ಹೋಯಿತು. "ಅದಿರಲಿ, ಇವತ್ತಿನ ಗೀಟೆಲ್ಲಿ? ಮಾತ್ರೆ ನುಂಗಿದ್ಯೋ ಇಲ್ವೋ?"